ಮಗ್ಗದ ಮನೆಗೆ ಸೋಲಾರ್ ಲೆಕ್ಕ

ನಮ್ಮ ಮನೆತನದಲ್ಲಿ ಲೆಕ್ಕ ಬರುವವಳು ನಾನೊಬ್ಬಳೇ ಎಂದು ಯಾರು ತೀರ್ಮಾನ ಮಾಡಿದರೋ ಗೊತ್ತಿಲ್ಲ. ನಾನು ಸರಕಾರಿ ಆಸ್ಪತ್ರೆಯಲ್ಲಿ ನರ್ಸಾಗಿ ಸೇರಿ, ವಾರ್ಡು ನೋಡಿಕೊಳ್ಳುತ್ತಲೇ ನಿವೃತ್ತಳಾದವಳು. ಜ್ವರ ನೋಡು, ನಾಡಿ ನೋಡು, ಬರೆ. ಮೂರು ತಾಸು ಬಿಟ್ಟು ಮತ್ತೆ ನೋಡು, ಮತ್ತೆ ಬರೆ. ಹದಿನೆಂಟನೇ ವಯಸ್ಸಿನಲ್ಲಿ ತರಬೇತಿ ಹಾಸ್ಟೆಲಿನಲ್ಲಿ ಕಲಿತದ್ದು ಇಷ್ಟೇ. ಅದನ್ನೇ ನೆಂಟರೆಲ್ಲ ಮಹಾ ವಿದ್ಯೆ ಎಂದುಕೊಂಡಿದ್ದಾರೆ. ಯಾರದೋ ಪಿಂಚಣಿ ನಿಂತರೆ, ಯಾರದೋ ಪಹಣಿಯಲ್ಲಿ ಹೆಸರು ತಪ್ಪಿದರೆ, ಚಳ್ಳಕೆರೆಯ ನನ್ನ ಮನೆಯ ಬಾಗಿಲು ತಟ್ಟುತ್ತಾರೆ. ಮೊದಮೊದಲು ಅದರಲ್ಲಿ ಒಂದು ಸಂತೋಷವಿತ್ತು. ಈಗ ಬಾಗಿಲ ಸದ್ದಾದರೆ ಮೊಣಕಾಲು ಮೊದಲು ನೋಯುತ್ತದೆ, ಆಮೇಲೆ ನಾನು ಏಳುತ್ತೇನೆ.

ಕಳೆದ ಬೇಸಿಗೆಯಲ್ಲಿ ಬಂದದ್ದು ಸೋಲಾರ್ ಲೆಕ್ಕ. ಫೋನ್ ಮಾಡಿದವಳು ನನ್ನ ತಂಗಿ. ಮೊಳಕಾಲ್ಮೂರಿನ ನೇಕಾರರ ಮನೆಗೆ ಕೊಟ್ಟದ್ದು ಅವಳನ್ನು. ಗಂಡ ರೇಷ್ಮೆ ಸೀರೆ ನೇಯುತ್ತಾನೆ. ಮನೆಯ ನಡುಕೋಣೆಯಲ್ಲೇ ಗುಂಡಿ ಮಗ್ಗ. ಮಗ ನಮ್ಮೂರ ಎಣ್ಣೆ ಗಿರಣಿಯೊಂದರ ಕಚೇರಿಯಲ್ಲಿ ಕೆಲಸ ಮಾಡಿಕೊಂಡು ದಿನವೂ ಬಸ್ಸಿನಲ್ಲಿ ಹೋಗಿ ಬರುತ್ತಾನೆ. ಆ ಮಗನ ಗೆಳೆಯನೊಬ್ಬ ಮನೆಗಳ ಮೇಲೆ ಸೋಲಾರ್ ಕೂರಿಸುವ ಕೆಲಸ ಹಿಡಿದಿದ್ದ. ಅವನು ಮೂರು ಕಿಲೋವ್ಯಾಟಿನ ಕೊಟೇಶನ್ ಕೊಟ್ಟಿದ್ದಾನೆ, ನೀನು ಬಂದು ಒಂದು ಸಲ ನೋಡಿಬಿಡು ಎಂದಳು ತಂಗಿ.

ನಾನು ಬೇಡವೆನ್ನಲು ಬಾಯಿ ತೆರೆದಿದ್ದೆ. ಅಷ್ಟರಲ್ಲಿ ಅವಳು ಇನ್ನೊಂದು ಮಾತು ಹೇಳಿದಳು. ಗಂಡ ನೇಯ್ದ ಹಿಂದಿನ ಎರಡು ಸೀರೆಯಲ್ಲಿ ಎಳೆ ತಪ್ಪಿದೆ. ರೇಷ್ಮೆ ಕೊಟ್ಟು ಸೀರೆ ತೆಗೆದುಕೊಳ್ಳುವ ಸಾಹುಕಾರರು, ಇದೊಂದು ಸೀರೆ ನೋಡುತ್ತೇನೆ, ಇದರಲ್ಲೂ ಹೀಗಾದರೆ ಮುಂದಿನ ಹಾಸು ಕೊಡುವುದಿಲ್ಲ ಎಂದಿದ್ದಾರೆ. ಹಾಸು ಎಂದರೆ ಮಗ್ಗಕ್ಕೆ ಉದ್ದಕ್ಕೆ ಕಟ್ಟುವ ಎಳೆಗಳು. ಒಂದು ಹಾಸಿನಲ್ಲಿ ಮೂರು ಸೀರೆ ಇಳಿಯುತ್ತದೆ. ಹಾಸು ಬರದಿದ್ದರೆ ಮಗ್ಗ ಖಾಲಿ. ಮಗ್ಗ ಖಾಲಿಯಾದರೆ ಆ ಮನುಷ್ಯ ಏನು ಮಾಡುತ್ತಾನೆ ಎನ್ನುವುದು ನನಗೂ ಹೊಳೆಯಲಿಲ್ಲ, ಅವಳಿಗೂ ಹೊಳೆದಿರಲಿಲ್ಲ. ಅವನ ಎಡಗಣ್ಣಿಗೆ ಪೊರೆ ಆಪರೇಷನ್ ಆಗಿದೆ, ಬಲಗಣ್ಣಿನದು ಬಾಕಿ. ಬೆಳಕು ಚೆನ್ನಾಗಿದ್ದರೆ ನೇಯಬಲ್ಲ. ಇಲ್ಲದಿದ್ದರೆ ಬೆರಳಿನ ಅಂದಾಜಿನ ಮೇಲೆ ನೇಯುತ್ತಾನೆ. ಸೋಲಾರ್ ಬಂದರೆ ಹಗಲೆಲ್ಲ ಹೆದರದೆ ಲೈಟು ಹಾಕಬಹುದು ಎನ್ನುವುದು ತಂಗಿಯ ಆಸೆ.

ಹೆದರಿಕೆ ಏನೆಂದರೆ ಕರೆಂಟ್ ಬಿಲ್ಲು. ನಮ್ಮಲ್ಲಿ ಇನ್ನೂರು ಯೂನಿಟ್ಟಿನೊಳಗೆ ಉರಿಸಿದವರಿಗೆ ಸೊನ್ನೆ ಬಿಲ್ ಬರುತ್ತದೆ. ಇನ್ನೂರು ದಾಟಿದರೆ ಪೂರ್ತಿ ಕಟ್ಟಬೇಕು. ಅದರ ಹಿಂದಿನ ಬೇಸಿಗೆಯ ನಾಲ್ಕು ತಿಂಗಳೂ ಅವರ ಮನೆಯದು ಕೂದಲೆಳೆಯಷ್ಟು ದಾಟಿತ್ತು. ಆವತ್ತಿನಿಂದ ತಂಗಿ ಮನೆಯ ಸ್ವಿಚ್ಚುಗಳ ಕಾವಲಿಗೆ ನಿಂತವಳು ಇನ್ನೂ ಕೂತಿಲ್ಲ.

ನಾನು ಫೋನಿನಲ್ಲೇ ಒಂದು ಕೆಲಸ ಹೇಳಿದೆ. ಸೋಲಾರ್ ಎಷ್ಟು ದೊಡ್ಡದು ಬೇಕು ಎನ್ನುವುದು ಮನೆ ಎಷ್ಟು ಉರಿಸುತ್ತದೆ ಎನ್ನುವುದರ ಮೇಲೆ ನಿಂತಿದೆ. ಹಳೆಯ ಬಿಲ್ಲುಗಳನ್ನು ಇಟ್ಟಿಲ್ಲ ಎಂದಳು. ಹಾಗಾದರೆ ಒಂದು ವಾರ ದಿನವೂ ಬೆಳಿಗ್ಗೆ, ಒಂದೇ ಹೊತ್ತಿಗೆ, ಮೀಟರಿನ ಅಂಕಿ ನೋಡಿ ಹೇಳು. ನಾನು ಬಂದು ಕಳೆದು ನೋಡುತ್ತೇನೆ ಎಂದೆ. ತಪ್ಪದೆ ಹೇಳಿದಳು. ನಾನು ಕಾಫಿಗೆ ನೀರಿಡುವ ಹೊತ್ತಿಗೆ ಫೋನ್ ಬರುತ್ತಿತ್ತು. ಅಂಕಿ ಹೇಳುವಾಗ ಅವಳ ದನಿಯಲ್ಲಿ ಏನೋ ಒಂದು ಹೆಮ್ಮೆ ಇತ್ತು. ಅದು ಯಾಕೆ ಎಂದು ನನಗೆ ಅರ್ಥವಾಗಿರಲಿಲ್ಲ.

ವಾರ ಮುಗಿದ ಮೇಲೆ ಬೆಳಗಿನ ಬಸ್ಸು ಹತ್ತಿದೆ. ಕಿಟಕಿ ಪಕ್ಕದ ಸೀಟು ಸಿಕ್ಕಿತು, ಆದರೆ ಅದು ಬಿಸಿಲಿನ ಕಡೆಯದು. ತಳಕು ಬರುವಷ್ಟರಲ್ಲಿ ಸೆರಗು ತಲೆಗೆ ಬಂದಿತ್ತು. ಬಿ.ಜಿ. ಕೆರೆಯಲ್ಲಿ ಬಸ್ಸು ನಿಂತಾಗ ದೂರದ ಗುಡ್ಡದ ಮೇಲೆ ಗಾಳಿಯಂತ್ರಗಳು ತಿರುಗುತ್ತಿದ್ದವು. ಏಳು ದಿನದ ಅಂಕಿಗಳನ್ನು ತಲೆಯಲ್ಲೇ ಕಳೆದು ಕೂಡಿಸಿದೆ. ದಿನಕ್ಕೆ ಎರಡು ಯೂನಿಟ್ಟೂ ಸರಿಯಾಗಿ ಆಗುತ್ತಿಲ್ಲ. ಈ ಮನೆ ತಿಂಗಳಿಗೆ ಇನ್ನೂರು ದಾಟುವುದಾದರೂ ಹೇಗೆ? ಇದಕ್ಕೆ ಒಂದು ಕಿಲೋವ್ಯಾಟೂ ಹೆಚ್ಚು. ಗೆಳೆಯ ಮೋಸ ಮಾಡುತ್ತಿದ್ದಾನೆ ಎಂದು ಬಸ್ಸಿನಲ್ಲೇ ತೀರ್ಮಾನಿಸಿಬಿಟ್ಟಿದ್ದೆ.

ಮನೆಗೆ ಕಾಲಿಟ್ಟ ಮೇಲೆ ತಂಗಿ ಹಾಲಿಲ್ಲದ ಚಹಾ ಕೊಟ್ಟಳು. ಹಾಲು ಯಾಕಿಲ್ಲ ಎಂದರೆ ಒಡೆದುಹೋಯಿತು ಎಂದಳು. ಈ ಬಿಸಿಲಿಗೆ ಫ್ರಿಜ್ಜಿನಲ್ಲಿ ಇಡಬಾರದಿತ್ತೇ ಎಂದು ಅಡಿಗೆಮನೆಗೆ ಹೋದೆ. ಫ್ರಿಜ್ಜಿನ ಬಾಗಿಲು ಅರ್ಧ ತೆರೆದಿತ್ತು, ಒಳಗೆ ಕತ್ತಲೆ, ಖಾಲಿ. ಹಿತ್ತಿಲಲ್ಲಿ ಮೂರು ಕಲ್ಲಿನ ಒಲೆಯ ಮೇಲೆ ಸ್ನಾನದ ನೀರು ಕಾಯುತ್ತಿತ್ತು. ನೀರು ಕಾಯಿಸುವ ಕರೆಂಟ್ ಕಾಯಿಲನ್ನು ಸುತ್ತಿ ಮೊಳೆಗೆ ನೇತುಹಾಕಿದ್ದಳು. ಟಿವಿಗೆ ಬಟ್ಟೆ ಹೊದಿಸಿತ್ತು.

"ಏನೇ ಇದು?" ಎಂದೆ.

"ನೀನು ಅಳೀತೀನಿ ಅಂದಿದ್ದೆಯಲ್ಲಕ್ಕ," ಎಂದಳು ತಂಗಿ. "ನಿನ್ನ ಮುಂದೆ ಜಾಸ್ತಿ ಬಂದ್ರೆ ಏನು ಚೆಂದ ಐತೆ? ದುಂದು ಮಾಡೋರ ಮನೆ ಅನ್ಕೊಂತೀಯ ಅಂತ ಎಲ್ಲಾ ಬಂದ್ ಮಾಡಿದ್ದೆ."

ನಾನು ಅಡಿಗೆಮನೆಯ ಹೊಸ್ತಿಲ ಮೇಲೆ ಕೂತುಬಿಟ್ಟೆ. ವಾರ್ಡಿನಲ್ಲಿ ನಲವತ್ತು ವರ್ಷ ನೋಡಿದ್ದು ಇದನ್ನೇ. ಸಕ್ಕರೆ ಕಾಯಿಲೆಯವರು ರಕ್ತ ಕೊಡುವ ಮುಂಚಿನ ಎರಡು ದಿನ ಬರೀ ಮಜ್ಜಿಗೆ ಕುಡಿದು ಬರುತ್ತಿದ್ದರು. ಅಂಕಿ ಕಡಿಮೆ ಬಂದರೆ ಮುಖ ಅರಳುತ್ತಿತ್ತು. ಡಾಕ್ಟರು ಬೈಯಲಿಲ್ಲ ಎಂದು ಖುಷಿಯಿಂದ ಹೋಗಿ ಹೋಳಿಗೆ ತಿನ್ನುತ್ತಿದ್ದರು. ಮನೆಗೆ ನೆಂಟರು ಬರುವಾಗ ಅಂಗಳ ಸಾರಿಸುವ ಹಾಗೆ ನನ್ನ ತಂಗಿ ಮೀಟರನ್ನು ಸಾರಿಸಿ ಇಟ್ಟಿದ್ದಳು. ಬೈಯುವ ಶಕ್ತಿ ನನಗಿರಲಿಲ್ಲ. ಫ್ರಿಜ್ ಹಾಕು, ಎಲ್ಲವನ್ನೂ ಎಂದಿನಂತೆ ಹಾಕು, ನಾನು ಇನ್ನೆರಡು ದಿನ ಇಲ್ಲೇ ಇರುತ್ತೇನೆ ಎಂದು ಹೇಳಿದೆ. ನನ್ನ ಔಷಧಿ ಎರಡು ದಿನಕ್ಕಾಗುವಷ್ಟು ಚೀಲದಲ್ಲಿತ್ತು. ಹೊರಡುವಾಗ ಯಾವಾಗಲೂ ಹೆಚ್ಚಿಗೆ ಇಟ್ಟುಕೊಳ್ಳುವುದು ನನ್ನ ಪದ್ಧತಿ.

ಮಗ್ಗದ ಕೋಣೆಯಲ್ಲಿ ತಂಗಿಯ ಗಂಡ ಗುಂಡಿಯೊಳಗೆ ಕಾಲಿಳಿಸಿ ಕೂತಿದ್ದ. ಅವರ ಮನೆಯಲ್ಲಿ ಮೊದಲಿಂದಲೂ ತೆಲುಗು ಬೆರೆತ ಮಾತು. ನನ್ನನ್ನು ನೋಡಿ ಲಾಳಿ ಕೆಳಗಿಟ್ಟು, ಬಂದ್ರಾ ಅಕ್ಕಾರೆ, ಊಟ ಮಾಡ್ರಿ ಎಂದು ಮತ್ತೆ ಲಾಳಿ ತೆಗೆದುಕೊಂಡ. ನೆತ್ತಿಯ ಮೇಲೆ ತಾರಸಿಯಲ್ಲಿ ಒಂದು ಬೆಳಕಿಂಡಿ ಇದೆ. ಚೌಕದ ತೂತು, ಮೇಲೆ ಗಾಜು ಮುಚ್ಚಿದೆ. ಅವನ ಅಪ್ಪ ಮನೆ ಕಟ್ಟಿಸುವಾಗ ಮೊದಲು ಮಗ್ಗದ ಗುಂಡಿ ತೋಡಿಸಿ, ಅದರ ನೇರಕ್ಕೆ ಬೆಳಕಿಂಡಿ ಬಿಡಿಸಿ, ಉಳಿದ ಮನೆಯನ್ನು ಅದರ ಸುತ್ತ ಕಟ್ಟಿಸಿದನಂತೆ. ಬೆಳಿಗ್ಗೆ ಆ ಬೆಳಕು ನೇಯ್ಗೆಯ ಮೇಲೆ ನೇರ ಬೀಳುತ್ತಿತ್ತು. ಅಂಚಿನ ಕೆಂಪು, ಒಡಲಿನ ಹಸಿರು, ನನಗೇ ಕನ್ನಡಕವಿಲ್ಲದೆ ಕಾಣುತ್ತಿದ್ದವು.

ಮಧ್ಯಾಹ್ನದ ಊಟ ಮುಗಿಸಿ ಬಂದು ನೋಡಿದರೆ ಕೋಣೆ ಮಬ್ಬಾಗಿತ್ತು. ಪಡುವಣದ ಪಕ್ಕದ ಮನೆಯವರು ಹಿಂದಿನ ವರ್ಷ ಮೇಲೊಂದು ಅಂತಸ್ತು ಎಬ್ಬಿಸಿದ್ದಾರೆ. ಹೊತ್ತು ಇಳಿಯುತ್ತಿದ್ದಂತೆ ಅದರ ನೆರಳು ಬೆಳಕಿಂಡಿಯನ್ನು ಮುಚ್ಚುತ್ತದೆ. ಮಗ್ಗದ ಮೇಲೆ ಒಂದು ಟ್ಯೂಬ್‌ಲೈಟಿದೆ. ಅದು ಆರಿತ್ತು. ಅವನು ಮುಖವನ್ನು ಎಳೆಗಳ ಹತ್ತಿರಕ್ಕೆ ಬಗ್ಗಿಸಿ, ಬೆರಳಿನಿಂದ ಸವರಿ ಸವರಿ ನೇಯುತ್ತಿದ್ದ. ಲೈಟು ಹಾಕಬಾರದೇ ಎಂದೆ. ಪರ್ವಾಲೇದು ಅಕ್ಕಾರೆ, ಕಾಣ್ತೈತೆ ಎಂದ. ಕಾಣುತ್ತಿರಲಿಲ್ಲ ಎನ್ನುವುದು ಅವನ ಕುತ್ತಿಗೆ ಬಾಗಿದ್ದರಲ್ಲೇ ಗೊತ್ತಾಗುತ್ತಿತ್ತು.

ಸಂಜೆ ಮಗ ಕೆಲಸದಿಂದ ಬರುವಾಗ ಗೆಳೆಯನನ್ನೂ ಕರೆತಂದ. ಚುರುಕಾದ ಹುಡುಗ, ಇಪ್ಪತ್ತೈದು ದಾಟಿರಬೇಕು, ಮಾತು ನೀರಿನ ಹಾಗೆ. ನಾವೆಲ್ಲ ತಾರಸಿ ಹತ್ತಿದೆವು. ಕಡಿದಾದ ಮೆಟ್ಟಿಲು, ನನಗೆ ನಡುವೆ ಒಂದು ಸಲ ನಿಲ್ಲಬೇಕಾಯಿತು. ಅವನು ಅಳತೆ ಪಟ್ಟಿ ಎಳೆದು ಹೇಳಿದ: ಒಂದೊಂದು ಸೋಲಾರ್ ಹಲಗೆ ಆಳುದ್ದಕ್ಕಿಂತ ಉದ್ದ, ಅಂಥವು ಆರು ಹಾಕಿದರೆ ಮೂರು ಕಿಲೋವ್ಯಾಟು. ಬಿಸಿಲಿನ ದಿನಕ್ಕೆ ಕಿಲೋವ್ಯಾಟಿಗೆ ನಾಲ್ಕು ಯೂನಿಟ್ ಬರುವುದರಲ್ಲಿ ಅನುಮಾನವಿಲ್ಲ. ಮೂರು ಹಾಕಿಸಿದರೆ ಸಹಾಯಧನ ಎಪ್ಪತ್ತೆಂಟು ಸಾವಿರ ಸಿಗುತ್ತದೆ, ಹೆಚ್ಚೆಂದರೆ ಅಷ್ಟೇ ಸಿಗುವುದು, ಅದನ್ನು ಬಿಡುವುದು ದಡ್ಡತನ. ಹಾಕಿದ ದುಡ್ಡು ಆರು ವರ್ಷಕ್ಕೆ ವಾಪಸ್ಸು.

ಆರು ಹಲಗೆ ಎಲ್ಲಿ ಕೂರುತ್ತವೆ ಎಂದು ಕೇಳಿದೆ. ಒಂದು ಮೂಲೆಯಲ್ಲಿ ನೀರಿನ ಟ್ಯಾಂಕು, ಇನ್ನೊಂದರಲ್ಲಿ ಮೆಟ್ಟಿಲಿನ ಗೂಡು. ಅವನು ನಡುವೆ ಬಂದು ನಿಂತು ಬೂಟಿನ ತುದಿಯಿಂದ ಬೆಳಕಿಂಡಿಯ ಗಾಜನ್ನು ತಟ್ಟಿದ.

"ಈ ತೂತು ಮುಚ್ಚಿ ಸಿಮೆಂಟ್ ಹಾಕಿದ್ರೆ ಆರೂ ಆರಾಮಾಗಿ ಕೂರ್ತವೆ, ಅಮ್ಮ," ಎಂದ.

ಕೆಳಗೆ ಮಗ್ಗದ ಸದ್ದು ನಿಂತಿತು. ಗಾಜಿನ ಕೆಳಗಿಂದ ತಂಗಿಯ ಗಂಡನ ದನಿ ಮೇಲೆ ಬಂತು, ಬಾವಿಯಿಂದ ಬಂದ ಹಾಗೆ. "ತಮ್ಮಾ, ನೀನು ನಿಂತಿರೋದು ನನ್ನ ತಲೆ ಮ್ಯಾಲೆ. ವಸಿ ಪಕ್ಕಕ್ಕೆ ಸರೀ. ಉಳಿದಿರೋ ಬೆಳಕಿಗೂ ನಿನ್ನ ನೆರಳು ಅಡ್ಡ, ಅಂಚು ಕಾಣವಲ್ದು."

ಗೆಳೆಯ ಗಾಬರಿಯಾಗಿ ಎರಡು ಹೆಜ್ಜೆ ಹಿಂದೆ ಹೋದ. ಮಗನಿಗೆ ನಗು ಬಂತು, ತಂಗಿಗೆ ಬರಲಿಲ್ಲ. ಅಷ್ಟಾದ ಮೇಲೂ ಹುಡುಗ ತನ್ನ ಮಾತು ಬಿಡಲಿಲ್ಲ. ತೂತು ಮುಚ್ಚಿದರೇನಾಯಿತು, ಸೋಲಾರ್ ಕರೆಂಟಿನಿಂದಲೇ ಕೆಳಗೆ ನಾಲ್ಕು ಲೈಟು ಹಾಕಿದರೆ ಹಗಲಿಗಿಂತ ಹೆಚ್ಚು ಬೆಳಕಾಗುತ್ತದೆ ಎಂದ. ಆಗ ನಾನು ಕೇಳಲೇಬೇಕಿದ್ದ ಪ್ರಶ್ನೆ ಕೇಳಿದೆ: ಲೈನ್ ಕರೆಂಟ್ ಹೋದಾಗ? ಅವನು ಮರೆಮಾಚಲಿಲ್ಲ, ಅಷ್ಟರಮಟ್ಟಿಗೆ ಒಳ್ಳೆಯವನು. ಲೈನ್ ಹೋದರೆ ಇದೂ ನಿಲ್ಲುತ್ತದೆ, ಕಂಬದ ಮೇಲೆ ಕೆಲಸ ಮಾಡುವವರಿಗೆ ಶಾಕ್ ಹೊಡೆಯಬಾರದಲ್ಲ, ನಿಲ್ಲದ ಹಾಗೆ ಬೇಕೆಂದರೆ ಬ್ಯಾಟರಿ ಹಾಕಬೇಕು, ಅದರ ಖರ್ಚು ಬೇರೆ ಎಂದ.

"ಬಿಸಿಲು ಇದ್ರೂನಾ?" ಎಂದಳು ತಂಗಿ.

"ಬಿಸಿಲು ಇದ್ರೂ ಅಷ್ಟೇ ಅಮ್ಮ."

ಅವಳು ಆಕಾಶ ನೋಡಿದಳು. ಹಗಲಿನ ಅಷ್ಟು ಬಿಸಿಲಿನ ಕೆಳಗೆ ಕತ್ತಲೆಯಲ್ಲಿ ಕೂರುವುದೆಂದರೆ ಏನೆಂದು ಅವಳಿಗೆ ಅರ್ಥವಾಗಲಿಲ್ಲ. ನನಗೂ ಪೂರ್ತಿ ಅರ್ಥವಾಗಿದೆ ಎಂದು ಹೇಳಲಾರೆ.

ಮರುದಿನ ನೆರಳಿನ ಕೆಲಸ. ಹಲಗೆಗಳ ಮೇಲೆ ನೆರಳು ಬಿದ್ದರೆ ಲೆಕ್ಕವೆಲ್ಲ ಕೆಡುತ್ತದೆ. ಸಾಲಿನಲ್ಲಿ ಒಂದರ ಮೇಲೆ ಬಿದ್ದರೂ ಉಳಿದವು ಸೊರಗುತ್ತವೆ. ಹುಡುಗ ಕೊಟೇಶನ್ ಮಾಡಿದ್ದು ಬೆಳಗಿನ ಹೊತ್ತು ತೆಗೆದ ಫೋಟೋ ನೋಡಿ. ನಾನು ಪ್ರತಿ ತಾಸಿಗೊಮ್ಮೆ ತಾರಸಿ ಹತ್ತಿ ನೆರಳಿನ ತುದಿಗೆ ಗೆರೆ ಎಳೆಯುವುದೆಂದು ನಿಶ್ಚಯಿಸಿದೆ. ತಂಗಿ ರಂಗೋಲಿ ಪುಡಿ ಕೊಟ್ಟಳು. ಅದು ಗಾಳಿಗೆ ನಿಲ್ಲಲಿಲ್ಲ. ಆಮೇಲೆ ಇಟ್ಟಿಗೆ ಚೂರಿನಿಂದ ಎಳೆದೆ. ಮೂರನೇ ಸಲ ಹತ್ತುವಷ್ಟರಲ್ಲಿ ಮೊಣಕಾಲು ಮುಷ್ಕರ ಹೂಡಿತು. ಮೆಟ್ಟಿಲಿನ ಗೂಡಿನ ನೆರಳಿನಲ್ಲಿ ಒಂದು ಮಣೆ ಹಾಕಿಕೊಂಡು ಅಲ್ಲೇ ಕೂತೆ. ಊಟವನ್ನೂ ತಂಗಿ ಅಲ್ಲಿಗೇ ತಂದಳು. ಪಕ್ಕದ ಮನೆಯ ಮೇಲಿನ ಅಂತಸ್ತಿನಿಂದ ಒಬ್ಬಾಕೆ ಇಣುಕಿ, ಏನು ಹರಕೆ ಹೊತ್ತಿದ್ದೀರಮ್ಮ ಎಂದು ಕೇಳಿದಳು. ನಿಮ್ಮ ಮನೆಯ ನೆರಳು ಅಳೆಯುತ್ತಿದ್ದೇನೆ ಎಂದೆ. ಜಗಳಕ್ಕೆ ಬಂದವಳೆಂದುಕೊಂಡು ಒಳಗೆ ಹೋದಳು. ಮತ್ತೆ ಹೊರಗೆ ಬರಲಿಲ್ಲ.

ಹೊತ್ತು ಮುಳುಗುವಷ್ಟರಲ್ಲಿ ತಾರಸಿಯ ಮೇಲೆ ಗೆರೆಗಳು ಮೂಡಿದ್ದವು. ಪಡುವಣದ ಅರ್ಧ ಮಧ್ಯಾಹ್ನದ ಮೇಲೆ ಪೂರ್ತಿ ನೆರಳು. ಚಳಿಗಾಲದಲ್ಲಿ ನೆರಳು ಇನ್ನೂ ಉದ್ದವಾಗುತ್ತದೆಂದು ಒಂದಿಷ್ಟು ಹೆಚ್ಚಿಗೆ ಬಿಟ್ಟೆ. ಉಳಿದದ್ದು ಮೂಡಣದ ಒಂದು ಪಟ್ಟಿ. ಅಲ್ಲಿ ಕೂರುವುದು ನಾಲ್ಕೇ ಹಲಗೆ, ಅಂದರೆ ಎರಡು ಕಿಲೋವ್ಯಾಟು. ಮಗ್ಗವನ್ನು ಕತ್ತಲು ಮಾಡಿದ ನೆರಳೇ ಐದನೆಯದನ್ನೂ ಆರನೆಯದನ್ನೂ ತಿಂದುಹಾಕಿತ್ತು. ಬೆಳಕಿಂಡಿ ಮುಚ್ಚಿದ್ದರೆ ದುಡ್ಡೂ ಹೋಗಿ ಬೆಳಕೂ ಹೋಗುತ್ತಿತ್ತು.

ಇನ್ನು ಉಳಿದದ್ದು ಮನೆಯ ನಿಜವಾದ ಖರ್ಚು. ಎಲ್ಲ ಹಾಕಿಕೊಂಡಿದ್ದ ಆ ಎರಡು ದಿನದಲ್ಲಿ ಮೀಟರು ದಿನಕ್ಕೆ ಏಳು ಯೂನಿಟ್ಟಿನ ಹತ್ತಿರ ಓಡಿತ್ತು. ಇದು ಸರಿಯಾದ ಅಂಕಿ. ಆದರೆ ಏಳರಲ್ಲಿ ಯಾರ ಪಾಲು ಎಷ್ಟು? ತಂಗಿಯನ್ನು ಕೇಳಿದರೆ ಮಗ್ಗದ ಲೈಟೇ ಎಲ್ಲಾ ತಿನ್ನೋದು ಎಂದಳು. ಹಾಕಿದರೆ ಸಂಜೆಯವರೆಗೂ ಉರಿಯುತ್ತಲೇ ಇರುತ್ತದಲ್ಲ, ಕಣ್ಣಿಗೆ ಕಾಣುತ್ತದಲ್ಲ. ಕಾಯಿಲು ಬಚ್ಚಲ ಬಾಗಿಲ ಹಿಂದೆ ಒಂದು ಗಳಿಗೆ ಇರುವಂಥದ್ದು, ಅದರ ಮೇಲೆ ಅವಳಿಗೆ ಅನುಮಾನವೇ ಇರಲಿಲ್ಲ.

ಬಾಯಿಮಾತಿನಲ್ಲಿ ಹೇಳಿದರೆ ಅವಳು ಒಪ್ಪುವವಳಲ್ಲ. ಮೂರನೆಯ ದಿನ ಭಾನುವಾರ, ಮಗನೂ ಮನೆಯಲ್ಲಿದ್ದ. ತಂಗಿಯನ್ನು ಪಡಸಾಲೆಯ ಮೀಟರಿನ ಮುಂದೆ ನಿಲ್ಲಿಸಿದೆ. ಮೀಟರಿನಲ್ಲಿ ಒಂದು ಕೆಂಪು ಚುಕ್ಕೆ ಮಿಣುಕುತ್ತದೆ. ಅದು ಮೂರು ಸಾವಿರದ ಇನ್ನೂರು ಸಲ ಮಿಣುಕಿದರೆ ಒಂದು ಯೂನಿಟ್ ಎಂದು ಅದರ ಮೇಲೆಯೇ ಬರೆದಿರುತ್ತದೆ. ಮಗನಿಗೆ ಮನೆಯ ಎಲ್ಲವನ್ನೂ ಆರಿಸಲು ಹೇಳಿದೆ. ಫ್ರಿಜ್ಜಿನ ಪ್ಲಗ್ಗನ್ನೂ ತೆಗೆಸಿದೆ. ಚುಕ್ಕೆ ನಿಂತಿತು. ಮಗ್ಗದ ಲೈಟೊಂದನ್ನೇ ಹಾಕಿಸಿ, ನನ್ನ ಕೈಗಡಿಯಾರ ತಿರುಗಿಸಿ ಹಿಡಿದೆ, ನಾಡಿ ನೋಡುವಾಗ ಹಿಡಿಯುವ ಹಾಗೆ.

ಕಾದೆವು. ಚುಕ್ಕೆ ಮಿಣುಕಲಿಲ್ಲ. ಕರೆಂಟ್ ಹೋಗಿರಬೇಕು ಎಂದಳು ತಂಗಿ. ಒಳಗೆ ಲೈಟು ಉರಿಯುತ್ತಲೇ ಇತ್ತು. ಹೆಚ್ಚುಕಡಿಮೆ ಒಂದು ನಿಮಿಷವಾದ ಮೇಲೆ ಒಂದು ಸಲ ಮಿಣುಕಿತು. ಮತ್ತೆ ಅಷ್ಟೇ ಹೊತ್ತು ಕಾಯಬೇಕಾಯಿತು.

ಆಮೇಲೆ ಲೈಟು ಆರಿಸಿ ಬಚ್ಚಲಿನ ಕಾಯಿಲು ಹಾಕಿಸಿದೆ. ಚುಕ್ಕೆ ಜ್ವರ ಬಂದ ಮಗುವಿನ ಎದೆಯ ಹಾಗೆ ಹೊಡೆದುಕೊಳ್ಳಲು ಶುರುವಾಯಿತು. ನಿಮಿಷಕ್ಕೆ ಎಂಬತ್ತು. ನಾನು ಎಣಿಸಿದ ಮೇಲೆ ಮಗನೂ ಎಣಿಸಿದ, ನಂಬಿಕೆ ಬರದೆ.

"ಮಗ್ಗದ ಲೈಟು ಮಧ್ಯಾಹ್ನದಿಂದ ಸಂಜೆವರೆಗೆ ಉರಿದರೆ ತಿಂಗಳಿಗೆ ಮೂರು ಯೂನಿಟ್ ಕಣೇ," ಎಂದೆ. "ಮೂರೇ. ನಿನ್ನ ಕಾಯಿಲು ಎರಡು ತಾಸಿನಲ್ಲಿ ಅಷ್ಟು ತಿನ್ನುತ್ತೆ."

ತಂಗಿ ಚುಕ್ಕೆಯನ್ನೇ ನೋಡುತ್ತಾ ನಿಂತಿದ್ದಳು. ಅವಳು ಅಳಲಿಲ್ಲ. ಅವಳು ಅಳುವ ಜಾತಿಯಲ್ಲ, ನಾವಿಬ್ಬರೂ ಅಲ್ಲ. ಮೂರು ಯೂನಿಟ್ಟು ಉಳಿಸಲು ವರ್ಷವಿಡೀ ಮಧ್ಯಾಹ್ನಗಳಲ್ಲಿ ಆ ಲೈಟನ್ನು ಅವಳೇ ಆರಿಸುತ್ತಾ ಬಂದಿದ್ದಳು. ಎಳೆ ತಪ್ಪಿದ ಎರಡು ಸೀರೆಯೂ ಆ ಮಧ್ಯಾಹ್ನಗಳಲ್ಲಿ ನೇಯ್ದವು. ಮಗ ಕಾಯಿಲಿನ ಸ್ವಿಚ್ ಆರಿಸಿ ಬಂದು, ಕಂಬಕ್ಕೆ ಒರಗಿ ನಿಂತ.

ಅವಳು ಮಗ್ಗದ ಕೋಣೆಯ ಬಾಗಿಲಿಗೆ ಹೋದಳು. ಗಂಡ ಗುಂಡಿಯಲ್ಲಿ ಕೂತು ನಮ್ಮ ಮಾತೆಲ್ಲ ಕೇಳಿಸಿಕೊಂಡಿದ್ದ.

"ಕಾಣಲ್ಲ ಅಂತ ಒಂದು ಮಾತು ಹೇಳಬಾರದಾಗಿತ್ತೇನ್ರಿ?" ಎಂದಳು.

ಅವನು ಲಾಳಿಯಲ್ಲಿ ಮುಗಿದ ನೂಲಿನ ಕಂಡಿಕೆಯನ್ನು ತೆಗೆದು ಹೊಸದು ಹಾಕಿದ.

"ಕಾಣಲ್ಲ ಅಂದಿದ್ರೆ ಮಗ್ಗ ಬಿಡ್ರಿ ಅಂತಿದ್ದೆ ನೀನು," ಎಂದ.

ಅದು ನಿಜ. ಅವಳು ಅಂದಿರುತ್ತಿದ್ದಳು. ಫೋನಿನಲ್ಲಿ ನನಗೇ ಎಷ್ಟೋ ಸಲ ಅಂದಿದ್ದಳು, ಇನ್ನೆಷ್ಟು ದಿನ ಆ ಗುಂಡಿಯಲ್ಲಿ ಕೂರುತ್ತಾರಕ್ಕ, ಸಾಕು ಎಂದು. ಅವನಿಗೆ ಸಾಕಾಗಿರಲಿಲ್ಲ. ಕಾಣದಿರುವುದನ್ನು ಒಪ್ಪಿಕೊಳ್ಳುವುದಕ್ಕಿಂತ ಕತ್ತಲೆಯಲ್ಲಿ ನೇಯುವುದೇ ಅವನಿಗೆ ವಾಸಿಯಾಗಿ ಕಂಡಿತ್ತು. ತಂಗಿ ಗೋಡೆಯ ಸ್ವಿಚ್ಚಿಗೆ ಕೈ ಚಾಚಿದಳು. ಲೈಟು ಹಾಕಿದಳು. ಹಾಕಿ ಅಡಿಗೆಮನೆಗೆ ಹೋಗಿ ಪಾತ್ರೆ ತೊಳೆಯತೊಡಗಿದಳು. ಆವತ್ತಿನ ಪಾತ್ರೆಗಳನ್ನು ಆಗಲೇ ತೊಳೆದು ಕವುಚಿ ಇಟ್ಟಾಗಿತ್ತು.

ಊಟದ ಹೊತ್ತಿಗೆ ನಾನು ಲೆಕ್ಕ ಒಪ್ಪಿಸಿದೆ. ಒಪ್ಪಿಸದೆ ಹೊರಟರೆ ನನಗೆ ಬಸ್ಸಿನಲ್ಲಿ ನಿದ್ದೆ ಬರುವುದಿಲ್ಲ. ಎರಡು ಕಿಲೋವ್ಯಾಟು ಹಾಕಿಸಬಹುದು, ಜಾಗವಿದೆ. ಸಹಾಯಧನ ಮೊದಲ ಎರಡಕ್ಕೆ ಮೂವತ್ತು ಮೂವತ್ತು ಸಾವಿರ. ಮೂರನೆಯದಕ್ಕೆ ಹದಿನೆಂಟೇ, ಅದಕ್ಕಾಗಿ ಆಸೆಪಟ್ಟು ಮನೆ ಮುಚ್ಚಿಕೊಳ್ಳುವುದು ಬೇಡ. ಆ ಅರವತ್ತು ಸಾವಿರ ಕಳೆದರೆ ಕೈಯಿಂದ ಹೋಗುವುದು ಎಪ್ಪತ್ತು ಸಾವಿರದ ಹತ್ತಿರ. ಉಳಿತಾಯ ಎಂದರೆ, ಬಿಲ್ಲು ಬರುವ ಬೇಸಿಗೆಯ ನಾಲ್ಕು ತಿಂಗಳದ್ದು ಮಾತ್ರ.

"ಹನ್ನೆರಡು ವರ್ಷ ಆಗುತ್ತೆ ದುಡ್ಡು ತಿರುಗಿ ಬರೋಕೆ," ಎಂದೆ.

"ಅವನು ಆರು ಅಂದಿದ್ನಲ್ಲ ದೊಡ್ಡವ್ವ?" ಎಂದ ಮಗ.

"ತಿಂಗಳು ತಿಂಗಳೂ ಬಿಲ್ಲು ಕಟ್ಟೋರ ಲೆಕ್ಕ ಅದು. ನಿಮಗೆ ಎಂಟು ತಿಂಗಳು ಬಿಲ್ಲೇ ಬರಲ್ಲ. ಬರದ ಬಿಲ್ಲನ್ನು ಉಳಿಸೋದು ಹೆಂಗೆ?"

ಸೋಲಾರ್ ಹಾಕಿಸಿದ ಮೇಲೆ ಸೊನ್ನೆ ಬಿಲ್ಲಿನ ಲೆಕ್ಕ ಹೇಗೆ ಆಗುತ್ತದೆ ಎಂದು ಹೊರಡುವ ಮುಂಚೆ ಚಳ್ಳಕೆರೆಯಲ್ಲಿ ಮೂರು ಜನರನ್ನು ವಿಚಾರಿಸಿದ್ದೆ, ಮೂರು ಉತ್ತರ ಬಂದಿತ್ತು. ಅದನ್ನೂ ಹೇಳಿದೆ. ಕಾಯಿಲು ಬಿಟ್ಟು ನೀರು ಕಾಯಿಸಲು ತಾರಸಿಯ ಮೇಲೆ ಬಿಸಿಲಿನ ಹಂಡೆ ಹಾಕಿಸಿದರೆ, ಇನ್ನೂರು ದಾಟುವುದೇ ಇಲ್ಲ. ಅದಕ್ಕೆ ಬೇಕಾದ್ದು ಇದರ ಮೂರರಲ್ಲಿ ಒಂದು ಪಾಲು ಎಂದೆ. ಮಗನ ಮುಖ ಸಣ್ಣದಾಯಿತು. ಗೆಳೆಯನಿಗೆ ಮಾತು ಕೊಟ್ಟಿದ್ದನೇನೋ. ಗೆಳೆಯ ಅದನ್ನೂ ಮಾರುತ್ತಾನೆ, ಕೇಳು ಎಂದೆ.

ತಂಗಿಯ ಗಂಡ ಮುದ್ದೆ ಮುರಿಯುತ್ತಾ, ಹನ್ನೆರಡು ವರ್ಷ ಎಂದು ತನ್ನಷ್ಟಕ್ಕೆ ಒಂದು ಸಲ ಅಂದ. ಅಷ್ಟರಲ್ಲಿ ನಾನು ಈ ಗುಂಡಿ ಬಿಟ್ಟು ಇನ್ನೊಂದು ಗುಂಡಿಗೆ ಇಳಿದಿರ್ತೀನಿ ಅಕ್ಕಾರೆ ಎಂದು ನಕ್ಕ. ಯಾವ ಗುಂಡಿ ಎಂದು ಯಾರೂ ಕೇಳಲಿಲ್ಲ.

ಬಲಗಣ್ಣಿನ ಆಪರೇಷನ್ ಮಾಡಿಸಿಕೊಳ್ಳಬೇಕೆಂದು ನಾನು ಅವನಿಗೆ ಕಟ್ಟುನಿಟ್ಟಾಗಿ ಹೇಳಿದೆ. ವಾರ್ಡಿನಲ್ಲಿ ಹೇಳುತ್ತಿದ್ದ ದನಿಯಲ್ಲಿ. ಲೈಟು ಕಣ್ಣಿಗೆ ಊರುಗೋಲು ಮಾತ್ರ, ಕಣ್ಣಲ್ಲ ಎಂದೆ. ಈ ಸೀರೆ ಇಳಿಸಿ ನೋಡೋಣ ಎಂದ. ಸೀರೆ ಇಳಿಸಿದ ಮೇಲೆ ಹಾಸು ಬರುತ್ತದೋ ಇಲ್ಲವೋ ಅವನಿಗೂ ಗೊತ್ತಿರಲಿಲ್ಲ. ಬರದಿದ್ದರೆ ಕಣ್ಣಾದರೂ ಯಾಕೆ ಎಂದು ಅವನು ಯೋಚಿಸುತ್ತಿದ್ದ ಎಂದು ನನಗೆ ಅನ್ನಿಸಿತು.

ಸಂಜೆಯ ಬಸ್ಸಿನಲ್ಲಿ ಬಂದೆ. ಕೂತ ಕೂಡಲೇ ನಿದ್ದೆ. ತಳಕಿನಲ್ಲಿ ಯಾರೋ ಕೋಳಿ ಬುಟ್ಟಿಯನ್ನು ಕಾಲಮೇಲೆ ಇಟ್ಟಾಗ ಎಚ್ಚರವಾಯಿತು. ಮನೆಗೆ ಬಂದು ಕಾಲಿಗೆ ಬಿಸಿನೀರು ಹಾಕಿಕೊಂಡು ಮಲಗಿದೆ. ಎರಡು ದಿನ ಬಾಗಿಲು ತಟ್ಟಿದವರಿಗೆ ಮನೆಯಲ್ಲಿಲ್ಲ ಎಂದು ಪಕ್ಕದವರಿಂದ ಹೇಳಿಸಿದೆ. ನನ್ನ ಜನ್ಮದಲ್ಲಿ ಹೀಗೆ ಹೇಳಿಸಿದ್ದು ಅದೇ ಮೊದಲು.

ಸೀರೆ ಇಳಿಯಲು ಮತ್ತೆ ಎರಡು ವಾರದ ಮೇಲೆ ಹಿಡಿಯಿತು. ತಂಗಿ ನಡುನಡುವೆ ಫೋನ್ ಮಾಡುತ್ತಿದ್ದಳು. ಸೀರೆಯ ವಿಷಯ ಅವಳು ಎತ್ತುತ್ತಿರಲಿಲ್ಲ, ನಾನೂ ಎತ್ತುತ್ತಿರಲಿಲ್ಲ. ಆದರೆ ಮಾತಿನ ಹಿಂದೆ ಮಗ್ಗದ ಸದ್ದು ಕೇಳುತ್ತದೆಯೇ ಎಂದು ನಾನು ಕಿವಿಗೊಡುತ್ತಿದ್ದೆ. ಮಧ್ಯಾಹ್ನವೂ ಕೇಳುತ್ತಿತ್ತು. ಮುಂಚೆ ಮಧ್ಯಾಹ್ನದ ಸದ್ದು ತಡೆತಡೆದು ಬರುತ್ತಿತ್ತು, ಈಗ ಒಂದೇ ಸಮ ಬರುತ್ತಿತ್ತು.

ಸೀರೆ ಕೊಡುವ ದಿನ ಅವಳೂ ಗಂಡನ ಜೊತೆ ಸಾಹುಕಾರರ ಅಂಗಡಿಗೆ ಹೋಗಿದ್ದಳಂತೆ. ಹಾಗೆ ಅವಳು ಎಂದೂ ಹೋದವಳಲ್ಲ. ಸಾಹುಕಾರರು ಸೀರೆಯನ್ನು ಅಂಗಡಿಯ ಬಾಗಿಲಿಗೆ ತಂದು, ಹೊರಗಿನ ಬೆಳಕಿಗೆ ಹಿಡಿದು, ಸೆರಗಿನಿಂದ ಕೊನೆಯವರೆಗೆ ಮೊಳ ಮೊಳವಾಗಿ ಸರಿಸಿ ನೋಡಿದರಂತೆ. ಒಂದು ಕಡೆ ನಿಂತು ಉಗುರಿನಿಂದ ಕೆರೆದರಂತೆ. ಆಮೇಲೆ ಮಡಿಚಿ ಒಳಗಿಟ್ಟು, ಅಂಗಡಿಯ ಹುಡುಗನನ್ನು ಕರೆದು ಮುಂದಿನ ಹಾಸು ತರಿಸಿದರಂತೆ. ಚೆನ್ನಾಗಿದೆ ಅಂತಲೂ ಹೇಳಲಿಲ್ಲ, ಕೆಟ್ಟದಾಗಿದೆ ಅಂತಲೂ ಹೇಳಲಿಲ್ಲ.

"ಕೊಟ್ರಲ್ಲ, ಸಾಕು ಬಿಡು," ಎಂದೆ ನಾನು.

"ಹೂಂ ಕಣಕ್ಕ. ಕೊಟ್ರು."

ಕಣ್ಣಿನ ಆಸ್ಪತ್ರೆಗೆ ಯಾವಾಗ ಎಂದು ಕೇಳಿದೆ. ಈ ಹಾಸು ಮುಗಿಯಲಿ ಅಂತಾರೆ ಎಂದಳು. ಮೂರು ಸೀರೆ. ಒಂದೊಂದಕ್ಕೆ ಇಷ್ಟಿಷ್ಟು ದಿನವೆಂದರೆ ಎಷ್ಟು ತಿಂಗಳಾಗುತ್ತದೆ ಎಂದು ಕೂಡಿಸಲು ಹೊರಟು, ಅರ್ಧಕ್ಕೇ ಬಿಟ್ಟೆ. ಆ ಕಣ್ಣು ಅಷ್ಟು ದಿನ ಕಾಯುತ್ತದೆಯೇ ಎನ್ನುವುದು ಕೂಡಿಸಿ ಹೇಳುವ ಮಾತಲ್ಲ. ಮುಂದಿನ ಸೋಮವಾರ ನಾನೇ ಬರುತ್ತೇನೆ, ಅವರನ್ನು ಆಸ್ಪತ್ರೆಗೆ ಸಿದ್ಧ ಮಾಡಿಸಿ ಇಡು, ಬರುವುದಿಲ್ಲ ಎಂದರೆ ಅಕ್ಕ ಮಗ್ಗದ ಪಕ್ಕದಲ್ಲೇ ಮಣೆ ಹಾಕಿಕೊಂಡು ಕೂರುತ್ತಾಳಂತೆ ಎಂದು ಹೇಳು ಎಂದೆ. ತಂಗಿ ಹೂಂ ಎಂದಳು. ಫೋನಿಟ್ಟ ಮೇಲೆ ಸೋಮವಾರದ ಬಸ್ಸಿನ ಹೊತ್ತು ನೋಡಿ, ಚೀಲಕ್ಕೆ ಔಷಧಿ ತುಂಬಿಸಿ ಇಟ್ಟು, ಮಲಗಿಕೊಂಡೆ.